ಸಾಕೆಟ್, ಕೋರ್, ಥ್ರೆಡ್, ನ್ಯೂಮಾ: ಬಹುಪ್ರೊಸೆಸರ್ ಸರ್ವರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ವರ್ ಕೊಳ್ಳುವವರು, ಅದನ್ನು ನೋಡಿಕೊಳ್ಳುವವರು, ಅದರ ಮೇಲೆ ಪ್ರೋಗ್ರಾಂ ಓಡಿಸುವವರು ಎಲ್ಲರೂ ‘ಸಿಪಿಯು’ ಅನ್ನುತ್ತಾರೆ. ಆದರೆ ಒಬ್ಬರು ಚಿಪ್ ಎಣಿಸುತ್ತಿರುತ್ತಾರೆ, ಇನ್ನೊಬ್ಬರು ಕೋರ್, ಮತ್ತೊಬ್ಬರು ಥ್ರೆಡ್. ಒಂದೇ ಯಂತ್ರಕ್ಕೆ 2, 28, 56 ಅಂತ ಮೂರು ಉತ್ತರ ಬರುತ್ತವೆ. ಮೂರೂ ಸರಿಯೇ! ಆದರೆ ಯಾವುದನ್ನು ಎಣಿಸಿದ್ದು ಅಂತ ಕೇಳದೆ ಮುಂದೆ ಹೋದರೆ ತಪ್ಪು ಯಂತ್ರ ಬಂದು ಕೂರುತ್ತದೆ, ಲೈಸೆನ್ಸ್ ಲೆಕ್ಕ ತಪ್ಪುತ್ತದೆ. ಎಣಿಕೆಗಿಂತ ಮುಖ್ಯವಾದದ್ದು ಇನ್ನೊಂದಿದೆ: ಯಾವ ಕೋರ್ ಯಾವ ಮೆಮೊರಿಗೆ ಹತ್ತಿರ ಇದೆ ಅನ್ನುವುದು. ನ್ಯೂಮಾ ಅನ್ನುವ ಪದ ಅದರ ಬಗ್ಗೆಯೇ. ಅದಕ್ಕೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸಾಕೆಟ್, ಪ್ರೊಸೆಸರ್, ಕೋರ್, ಥ್ರೆಡ್ ಎಲ್ಲ ಒಂದೇನಾ?

ಅಲ್ಲ. ಸಾಕೆಟ್ ಅಂದರೆ ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಕೂರಿಸುವ ಜಾಗ. ಅದರಲ್ಲಿ ಕೂರುವ, ನಾವು ಕೈಯಲ್ಲಿ ಹಿಡಿಯಬಹುದಾದ ವಸ್ತುವೇ ಪ್ರೊಸೆಸರ್. ಅದರೊಳಗೆ ಸ್ವಂತವಾಗಿ ಆದೇಶಗಳನ್ನು ಓದಿ ಕೆಲಸ ಮಾಡುವ ಘಟಕಗಳು ಕೋರ್‌ಗಳು. ಒಂದು ಕೋರ್ ಒಂದಕ್ಕಿಂತ ಜಾಸ್ತಿ ಕೆಲಸಗಳನ್ನು ಒಟ್ಟಿಗೆ ಕೈಗೆತ್ತಿಕೊಳ್ಳಬಲ್ಲುದಾದರೆ, ಅಂಥ ಒಂದೊಂದು ಸಾಲನ್ನೂ ಹಾರ್ಡ್‌ವೇರ್ ಥ್ರೆಡ್ ಅನ್ನುತ್ತಾರೆ. ಆಪರೇಟಿಂಗ್ ಸಿಸ್ಟಂ ಕಣ್ಣಿಗೆ ಪ್ರತಿ ಥ್ರೆಡ್ಡೂ ಒಂದು ‘ಲಾಜಿಕಲ್ ಸಿಪಿಯು’.

ಮೊದಲು ಒಂದು ಪ್ರೊಸೆಸರ್ ಅಂದರೆ ಒಂದೇ ಕೋರ್ ಆಗಿತ್ತು. ಹಾಗಾಗಿ ಯಾವ ಪದ ಬಳಸಿದರೂ ನಡೆಯುತ್ತಿತ್ತು. 2001ರಲ್ಲಿ ಐಬಿಎಂನ ಪವರ್4 ಒಂದೇ ಚಿಪ್‌ನಲ್ಲಿ ಎರಡು ಕೋರ್ ತಂದಿತು. 2002ರಲ್ಲಿ ಇಂಟೆಲ್ ತನ್ನ ಸರ್ವರ್ ಪ್ರೊಸೆಸರ್ ಜಿಯಾನ್‌ಗೆ ಹೈಪರ್ ಥ್ರೆಡಿಂಗ್, ಅಂದರೆ ಒಂದೇ ಕೋರ್‌ನಲ್ಲಿ ಎರಡು ಥ್ರೆಡ್ ಓಡಿಸುವ ತಂತ್ರ, ಸೇರಿಸಿತು. 2005ರಲ್ಲಿ ಎಎಂಡಿಯ ಆಪ್ಟೆರಾನ್ ಕೂಡ ಎರಡು ಕೋರ್‌ಗೆ ಬಂತು. ಈ ನಾಲ್ಕೈದು ವರ್ಷಗಳಲ್ಲೇ ‘ಸಿಪಿಯು’ ಅನ್ನುವ ಪದಕ್ಕಿದ್ದ ಒಂದೇ ಅರ್ಥ ಹೋಯಿತು.

ನನ್ನ ಸರ್ವರ್‌ನಲ್ಲಿ ಏನೇನಿದೆ ಅಂತ ನೋಡುವುದು ಹೇಗೆ?

ಲಿನಕ್ಸ್ ಆದರೆ ‘ಎಲ್‌ಎಸ್‌ಸಿಪಿಯು’ ಅನ್ನುವ ಆದೇಶ ಕೊಡಿ. ಉದಾಹರಣೆಗೆ, ಎರಡು ಜಿಯಾನ್ ಇ5-2690 ವಿ4 ಹಾಕಿದ ಯಂತ್ರ ತೆಗೆದುಕೊಳ್ಳೋಣ. ಒಂದೊಂದರಲ್ಲೂ 14 ಕೋರ್. ಪರದೆಯ ಮೇಲೆ ಸಿಪಿಯು 56, ಪ್ರತಿ ಕೋರ್‌ಗೆ ಥ್ರೆಡ್ 2, ಪ್ರತಿ ಸಾಕೆಟ್‌ಗೆ ಕೋರ್ 14, ಸಾಕೆಟ್ 2 ಅಂತ ಕಾಣುತ್ತದೆ. ಕೊನೆಯ ಮೂರನ್ನು ಗುಣಿಸಿದರೆ ಮೊದಲನೆಯದು ಬರಬೇಕು: 2 × 14 × 2 = 56. ಬರಲಿಲ್ಲ ಅಂದರೆ ಯಾವುದೋ ಕೋರ್ ಅಥವಾ ಥ್ರೆಡ್ ಆಫ್ ಆಗಿದೆ, ಇಲ್ಲವೇ ನೀವು ನೋಡುತ್ತಿರುವುದು ವರ್ಚುವಲ್ ಯಂತ್ರ (ನಿಜವಾದ ಯಂತ್ರದೊಳಗೆ ಸಾಫ್ಟ್‌ವೇರ್ ಸೃಷ್ಟಿಸಿದ ಯಂತ್ರ).

ಅದರ ಕೆಳಗಿನ ಸಾಲುಗಳನ್ನು ಬಹಳ ಜನ ಓದುವುದೇ ಇಲ್ಲ. ನ್ಯೂಮಾ ನೋಡ್ ಅಂದರೆ ಕೆಲವು ಕೋರ್‌ಗಳು ಮತ್ತು ಅವಕ್ಕೆ ಹತ್ತಿರದ ಮೆಮೊರಿ ಸೇರಿದ ಗುಂಪು. ನ್ಯೂಮಾ ನೋಡ್ 0ರ ಎದುರು ‘0-13, 28-41’ ಅಂತ ಇರಬಹುದು. ಮೊದಲ ಸಾಕೆಟ್‌ನ ಕೋರ್‌ಗಳಿಗೆ 0ರಿಂದ 13 ನಂಬರ್, ಅವೇ ಕೋರ್‌ಗಳ ಎರಡನೇ ಥ್ರೆಡ್‌ಗೆ 28ರಿಂದ 41 ಅಂತ ಅದರ ಅರ್ಥ. ಅಂದರೆ ಸಿಪಿಯು 0 ಮತ್ತು ಸಿಪಿಯು 28 ಎರಡೂ ಒಂದೇ ಕೋರ್! ಕೆಲವು ಯಂತ್ರಗಳಲ್ಲಿ ಸಮ ಸಂಖ್ಯೆಗಳೆಲ್ಲ ಒಂದು ಸಾಕೆಟ್, ಬೆಸ ಸಂಖ್ಯೆಗಳೆಲ್ಲ ಇನ್ನೊಂದು. ಯಾವ ಕ್ರಮ ಅನ್ನುವುದನ್ನು ಫರ್ಮ್‌ವೇರ್ (ಬೋರ್ಡ್‌ನಲ್ಲೇ ಇರುವ ಮೂಲ ಸಾಫ್ಟ್‌ವೇರ್) ತೀರ್ಮಾನಿಸುತ್ತದೆ. ಅದಕ್ಕೇ ಪ್ರೋಗ್ರಾಂ ಒಂದನ್ನು ಇಂಥದ್ದೇ ಸಿಪಿಯುಗೆ ಕಟ್ಟಿಹಾಕುವ ಮುಂಚೆ ಈ ಸಾಲನ್ನು ಓದಿ. ಊಹೆಯ ಮೇಲೆ ಹೋಗಬೇಡಿ.

ಹೈಪರ್ ಥ್ರೆಡಿಂಗ್ ಇದ್ದರೆ ಶಕ್ತಿ ಎರಡು ಪಟ್ಟು ಆಗುತ್ತದಲ್ವಾ?

ಇಲ್ಲ. ಕೋರ್ ಇರುವುದು ಒಂದೇ. ಲೆಕ್ಕ ಮಾಡುವ ಘಟಕಗಳೂ ಒಂದೇ, ಒಳಗಿನ ಕ್ಯಾಶ್ (ಪದೇ ಪದೇ ಬೇಕಾಗುವ ಡೇಟಾ ಇಟ್ಟುಕೊಳ್ಳುವ ಸಣ್ಣ, ವೇಗದ ಮೆಮೊರಿ) ಕೂಡ ಒಂದೇ. ಕೈಯಲ್ಲಿರುವ ಕೆಲಸದ ಅಂಕಿಗಳನ್ನು ಹಿಡಿದಿಡುವ ರಿಜಿಸ್ಟರ್‌ಗಳ ಗುಂಪು ಮಾತ್ರ ಎರಡಿರುತ್ತವೆ. ಮೊದಲ ಥ್ರೆಡ್ ಮೆಮೊರಿಯಿಂದ ಡೇಟಾ ಬರಲಿ ಅಂತ ಕಾಯುತ್ತಿರುವಾಗ, ಖಾಲಿ ಬಿದ್ದ ಘಟಕಗಳನ್ನು ಎರಡನೇ ಥ್ರೆಡ್ ಬಳಸಿಕೊಳ್ಳುತ್ತದೆ. ಲಾಭ ಅಷ್ಟೇ. 2002ರಲ್ಲಿ ಇಂಟೆಲ್ ಕೂಡ ಹೇಳಿಕೊಂಡದ್ದು ಶೇ 30ರವರೆಗೆ ಲಾಭ ಅಂತ ಮಾತ್ರ. ಮೆಮೊರಿಗೆ ಜಾಸ್ತಿ ಕಾಯುವ ಡೇಟಾಬೇಸ್, ವೆಬ್ ಸರ್ವರ್‌ಗಳಿಗೆ ಒಳ್ಳೆಯ ಲಾಭ ಇದೆ. ಲೆಕ್ಕದಲ್ಲೇ ಮುಳುಗಿರುವ ವೈಜ್ಞಾನಿಕ ಪ್ರೋಗ್ರಾಂಗಳಿಗೆ ಲಾಭ ಕಡಿಮೆ, ಕೆಲವೊಮ್ಮೆ ನಷ್ಟವೇ ಆಗುತ್ತದೆ.

ಇದರಿಂದ ಬರುವ ಒಂದು ಪೆಟ್ಟಿನ ಬಗ್ಗೆ ಎಚ್ಚರ ಇರಲಿ. ಮಾನಿಟರಿಂಗ್ ಪರದೆಯಲ್ಲಿ ಸಿಪಿಯು ಬಳಕೆ ಶೇ 50 ಅಂತ ತೋರಿಸಿದರೆ, ಇನ್ನೂ ಅರ್ಧ ಉಳಿದಿದೆ ಅಂತ ನಾವು ನೆಮ್ಮದಿಯಾಗಿರುತ್ತೇವೆ. ಆದರೆ ಪ್ರತಿ ಕೋರ್‌ನ ಒಂದು ಥ್ರೆಡ್ ಪೂರ್ತಿ ಬ್ಯುಸಿ ಇದ್ದಾಗಲೂ ಲೆಕ್ಕ ಶೇ 50 ಅಂತಲೇ ಬರುತ್ತದೆ. ಉಳಿದ ‘ಅರ್ಧ’ದಲ್ಲಿ ನಿಜಕ್ಕೂ ಸಿಗುವುದು ಸ್ವಲ್ಪವೇ. ಸಾಮರ್ಥ್ಯದ ಲೆಕ್ಕ ಹಾಕುವವರು ಇದನ್ನು ಮರೆತರೆ ಹಬ್ಬದ ದಿನದ ದಟ್ಟಣೆಯಲ್ಲಿ ಸರ್ವರ್ ಉಸಿರುಗಟ್ಟುತ್ತದೆ.

ಹೈಪರ್ ಥ್ರೆಡಿಂಗ್ ಅನ್ನುವುದು ಇಂಟೆಲ್ ಇಟ್ಟ ಹೆಸರು. ತಂತ್ರದ ಸಾಮಾನ್ಯ ಹೆಸರು ಎಸ್‌ಎಂಟಿ. ಇಂಟೆಲ್, ಎಎಂಡಿಯ ಸರ್ವರ್ ಚಿಪ್‌ಗಳಲ್ಲಿ ಇದಿದ್ದರೆ ಕೋರ್‌ಗೆ ಎರಡು ಥ್ರೆಡ್. ಐಬಿಎಂನ ಪವರ್8ರಲ್ಲಿ ಎಂಟರವರೆಗೂ ಇದೆ.

ಭದ್ರತೆಗಾಗಿ ಹೈಪರ್ ಥ್ರೆಡಿಂಗ್ ಆಫ್ ಮಾಡಬೇಕು ಅನ್ನುತ್ತಾರಲ್ಲ?

2018ರಿಂದೀಚೆಗೆ ಎಲ್1ಟಿಎಫ್, ಎಂಡಿಎಸ್ ಥರದ ಪ್ರೊಸೆಸರ್ ದೋಷಗಳು ಹೊರಬಂದವು. ಒಂದೇ ಕೋರ್ ಹಂಚಿಕೊಂಡ ಎರಡು ಥ್ರೆಡ್‌ಗಳ ನಡುವೆ ಗುಟ್ಟು ಸೋರಬಹುದು ಅಂತ ಗೊತ್ತಾಯಿತು. ಓಪನ್‌ಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂ 2018ರಲ್ಲೇ ಎಸ್‌ಎಂಟಿಯನ್ನು ತಾನಾಗಿಯೇ ಆಫ್ ಮಾಡಿತು. ಸರ್ವರ್‌ನಲ್ಲಿ ಓಡುವುದೆಲ್ಲ ನಿಮ್ಮದೇ ಪ್ರೋಗ್ರಾಂ ಆದರೆ ಆನ್ ಇಟ್ಟುಕೊಳ್ಳಬಹುದು. ಗುರುತಿಲ್ಲದವರ ವರ್ಚುವಲ್ ಯಂತ್ರಗಳು ಒಂದೇ ಕೋರ್ ಹಂಚಿಕೊಳ್ಳುತ್ತವೆ ಅನ್ನುವುದಾದರೆ ಗಂಭೀರವಾಗಿ ಯೋಚಿಸಿ.

ಎಸ್‌ಎಂಪಿ ಅಂದರೆ ಏನು?

ಸಿಮ್ಮೆಟ್ರಿಕ್ ಮಲ್ಟಿಪ್ರೊಸೆಸಿಂಗ್. ಎಲ್ಲ ಪ್ರೊಸೆಸರ್‌ಗಳೂ ಸಮಾನ, ಎಲ್ಲಕ್ಕೂ ಒಂದೇ ಮೆಮೊರಿ, ಒಂದೇ ಆಪರೇಟಿಂಗ್ ಸಿಸ್ಟಂ. ಯಾವ ಕೆಲಸವನ್ನು ಯಾವ ಪ್ರೊಸೆಸರ್ ಬೇಕಾದರೂ ಮಾಡಬಹುದು. ಇದಕ್ಕೆ ಉಲ್ಟಾ ಇರುವ ವ್ಯವಸ್ಥೆಯಲ್ಲಿ ಒಂದು ಪ್ರೊಸೆಸರ್ ಯಜಮಾನ, ಉಳಿದವು ಅದು ಹೇಳಿದ್ದನ್ನು ಮಾಡುವವು.

ಹಾರ್ಡ್‌ವೇರ್ ಸಮಾನವಾಗಿದ್ದರೆ ಸಾಲದು, ಸಾಫ್ಟ್‌ವೇರ್ ಕೂಡ ಜೊತೆ ಕೊಡಬೇಕು. ಲಿನಕ್ಸ್‌ಗೆ ಎಸ್‌ಎಂಪಿ ಬಂದದ್ದು 1996ರಲ್ಲಿ, ಆವೃತ್ತಿ 2.0ರಲ್ಲಿ. ಆಗ ಇಡೀ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಒಂದೇ ದೊಡ್ಡ ಬೀಗ. ಎಷ್ಟು ಪ್ರೊಸೆಸರ್ ಇದ್ದರೂ ಒಂದು ಸಲಕ್ಕೆ ಒಂದು ಪ್ರೊಸೆಸರ್ ಮಾತ್ರ ಕರ್ನಲ್ ಒಳಗೆ ಹೋಗಬಹುದಿತ್ತು. ಆ ಬೀಗವನ್ನು ಸಣ್ಣ ಸಣ್ಣ ಬೀಗಗಳಾಗಿ ಒಡೆಯುತ್ತಾ ಹೋಗಿ, ಪೂರ್ತಿ ತೆಗೆದುಹಾಕಿದ್ದು 2011ರ 2.6.39 ಆವೃತ್ತಿಯಲ್ಲಿ. ಹದಿನೈದು ವರ್ಷಗಳ ತಾಳ್ಮೆಯ ಕೆಲಸ ಅದು. ಇವತ್ತು ನಾವು ನೂರಾರು ಥ್ರೆಡ್‌ಗಳ ಯಂತ್ರದಲ್ಲಿ ಲಿನಕ್ಸ್ ಆರಾಮಾಗಿ ಓಡಿಸುತ್ತೇವೆ ಅಂದರೆ ಆ ಪುಣ್ಯದಿಂದ.

ನ್ಯೂಮಾ ಅಂದರೆ ಏನು? ನನಗೆ ಅದು ಗೊತ್ತಿರಲೇಬೇಕಾ?

ಎರಡು ಸಾಕೆಟ್‌ನ ಸರ್ವರ್ ನಿಮ್ಮ ಹತ್ತಿರ ಇದ್ದರೆ, ಹೌದು, ಗೊತ್ತಿರಲೇಬೇಕು.

ಮೊದಲಿನ ಎಸ್‌ಎಂಪಿ ಯಂತ್ರಗಳಲ್ಲಿ ಎಲ್ಲ ಪ್ರೊಸೆಸರ್‌ಗಳೂ ಒಂದೇ ಬಸ್ (ಡೇಟಾ ಓಡಾಡುವ ದಾರಿ) ಮೂಲಕ ಮೆಮೊರಿಗೆ ಹೋಗುತ್ತಿದ್ದವು. ಯಾರಿಗಾದರೂ ಅಷ್ಟೇ ದೂರ. ಪ್ರೊಸೆಸರ್ ಜಾಸ್ತಿಯಾದಂತೆ ಆ ಒಂದು ದಾರಿಯಲ್ಲೇ ದಟ್ಟಣೆ ಆಯಿತು. ಆಮೇಲೆ ಮೆಮೊರಿಯ ಓದು ಬರಹ ನಡೆಸುವ ಮೆಮೊರಿ ಕಂಟ್ರೋಲರನ್ನು ಪ್ರೊಸೆಸರ್ ಒಳಗೇ ಇಟ್ಟರು. ಎಎಂಡಿ 2003ರಲ್ಲಿ ಆಪ್ಟೆರಾನ್‌ನಲ್ಲಿ ಹೀಗೆ ಮಾಡಿತು, ಇಂಟೆಲ್ 2008ರ ನೆಹಾಲೆಮ್ ವಿನ್ಯಾಸದಲ್ಲಿ. ಅಲ್ಲಿಂದ ಪ್ರತಿ ಸಾಕೆಟ್‌ಗೂ ಅದರದ್ದೇ ಮೆಮೊರಿ. ಪಕ್ಕದ ಸಾಕೆಟ್‌ನ ಮೆಮೊರಿಯನ್ನೂ ಬಳಸಬಹುದು, ಆದರೆ ನಡುವಿನ ಸೇತುವೆ ದಾಟಿ ಹೋಗಬೇಕು. ಮೆಮೊರಿ ಎಲ್ಲರಿಗೂ ಸಿಗುತ್ತದೆ, ಸಮಾನ ವೇಗದಲ್ಲಿ ಸಿಗುವುದಿಲ್ಲ. ಅದೇ ನ್ಯೂಮಾ (ನಾನ್-ಯೂನಿಫಾರ್ಮ್ ಮೆಮೊರಿ ಆಕ್ಸೆಸ್).

ಸ್ವಂತ ಮೆಮೊರಿಗೆ ಸುಮಾರು 80ರಿಂದ 100 ನ್ಯಾನೋಸೆಕೆಂಡ್ ಹಿಡಿದರೆ, ಪಕ್ಕದ್ದಕ್ಕೆ ಅದರ ಒಂದೂವರೆ ಪಟ್ಟು ಅಥವಾ ಇನ್ನೂ ಜಾಸ್ತಿ. ‘ನ್ಯೂಮಾಸಿಟಿಎಲ್’ ಆದೇಶ ತೋರಿಸುವ ದೂರದ ಕೋಷ್ಟಕದಲ್ಲಿ 10 ಮತ್ತು 21 ಅನ್ನುವ ಸಂಖ್ಯೆಗಳು ಸಾಮಾನ್ಯ. 10 ಅಂದರೆ ಸ್ವಂತ ಮೆಮೊರಿ. 21 ಅಂದರೆ ಅದರ 2.1 ಪಟ್ಟು ದೂರ ಅಂತ ಫರ್ಮ್‌ವೇರ್ ಹೇಳುತ್ತಿದೆ. ಅದು ಅಳೆದ ಸಮಯ ಅಲ್ಲ, ಬರೀ ಅಂದಾಜು.

ಈಗ ನಿಜವಾಗಿ ಏಟು ಬೀಳುವ ಜಾಗಕ್ಕೆ ಬರೋಣ. ಪ್ರೋಗ್ರಾಂ ಮೆಮೊರಿ ಕೇಳಿದ ಕ್ಷಣವೇ ಲಿನಕ್ಸ್ ಅದಕ್ಕೆ ಜಾಗ ಗೊತ್ತು ಮಾಡುವುದಿಲ್ಲ. ಲಿನಕ್ಸ್ ಮೆಮೊರಿ ಹಂಚುವುದು ಪುಟ ಅನ್ನುವ ಸಣ್ಣ ತುಂಡುಗಳಲ್ಲಿ. ಒಂದು ಪುಟವನ್ನು ಮೊದಲು ಮುಟ್ಟಿದ ಥ್ರೆಡ್ ಯಾವ ನೋಡ್‌ನಲ್ಲಿ ಓಡುತ್ತಿದೆಯೋ, ಸಾಮಾನ್ಯವಾಗಿ ಅದೇ ನೋಡ್‌ನ ಮೆಮೊರಿ ಕೊಡುತ್ತದೆ. ಪ್ರೋಗ್ರಾಂ ಶುರುವಾಗುವಾಗ ಮುಖ್ಯ ಥ್ರೆಡ್ ಒಂದೇ ಕೂತು ದೊಡ್ಡ ಅರೇ ಪೂರ್ತಿ ಸೊನ್ನೆ ತುಂಬಿತು ಅನ್ನಿ. ಅಷ್ಟೂ ಮೆಮೊರಿ ನೋಡ್ 0ರಲ್ಲಿ ಹೋಗಿ ಕೂತಿತು. ಆಮೇಲೆ 56 ಥ್ರೆಡ್‌ಗಳು ಕೆಲಸಕ್ಕೆ ಇಳಿದರೆ ಅರ್ಧದಷ್ಟು ಥ್ರೆಡ್‌ಗಳು ಪ್ರತಿ ಸಲವೂ ಸೇತುವೆ ದಾಟಬೇಕು. ನೋಡ್ 1ರ ಮೆಮೊರಿ ಚಾನೆಲ್‌ಗಳು ಸುಮ್ನೆ ಕೂತಿರುತ್ತವೆ. ಪರಿಹಾರ ಬಹಳ ಸರಳ: ಯಾವ ಥ್ರೆಡ್ ಯಾವ ಭಾಗದ ಮೇಲೆ ಕೆಲಸ ಮಾಡುತ್ತದೋ, ಆ ಭಾಗಕ್ಕೆ ಸೊನ್ನೆ ತುಂಬುವ ಕೆಲಸವನ್ನೂ ಅದಕ್ಕೇ ಬಿಡಿ. ನಾಲ್ಕು ಸಾಲಿನ ಬದಲಾವಣೆ, ಹೊಸ ಹಾರ್ಡ್‌ವೇರ್ ಬೇಕಿಲ್ಲ.

ಅರ್ಧ ಮೆಮೊರಿ ಖಾಲಿ ಇದ್ದರೂ ಸರ್ವರ್ ಸ್ವಾಪ್ ಮಾಡುತ್ತಿದೆ. ಯಾಕೆ?

ಇದೂ ನ್ಯೂಮಾದ್ದೇ ಕಥೆ. ಡೇಟಾಬೇಸ್ ಒಂದೇ ದೊಡ್ಡ ಪ್ರಕ್ರಿಯೆಯಾಗಿ ಓಡುತ್ತದೆ. ಅದು ನೋಡ್ 0ರ ಮೆಮೊರಿಯನ್ನೆಲ್ಲ ತುಂಬಿಬಿಟ್ಟರೆ, ನೋಡ್ 1ರಲ್ಲಿ ಜಾಗ ಇದ್ದರೂ ನೋಡ್ 0ರ ಪುಟಗಳನ್ನು ಡಿಸ್ಕ್‌ಗೆ ತಳ್ಳುವ, ಅಂದರೆ ಸ್ವಾಪ್ ಮಾಡುವ, ಪರಿಸ್ಥಿತಿ ಬರಬಹುದು. ಮೈಎಸ್‌ಕ್ಯೂಎಲ್ ನೋಡಿಕೊಳ್ಳುವವರಿಗೆ ಇದು ಹಳೆಯ ತಲೆನೋವು. ದೊಡ್ಡ ಡೇಟಾಬೇಸ್‌ಗಳಿಗೆ ಮೆಮೊರಿಯನ್ನು ಎಲ್ಲ ನೋಡ್‌ಗಳಿಗೂ ಸರದಿಯಂತೆ ಹಂಚುವ ‘ಇಂಟರ್‌ಲೀವ್’ ಆಯ್ಕೆ ಕೊಡುವುದು ಇದಕ್ಕೇ. ಮೊಂಗೋಡಿಬಿ ಕೂಡ ಇದನ್ನೇ ಸಲಹೆ ಮಾಡುತ್ತದೆ. ಹಳೆಯ ಕರ್ನಲ್ ಆದರೆ ‘ಜೋನ್ ರಿಕ್ಲೇಮ್ ಮೋಡ್’ (ಪಕ್ಕದ ನೋಡ್‌ಗೆ ಹೋಗುವ ಮುಂಚೆ ಸ್ವಂತ ನೋಡ್‌ನಲ್ಲೇ ಜಾಗ ಖಾಲಿ ಮಾಡಿಸುವ ಸೆಟ್ಟಿಂಗ್) ಸೊನ್ನೆ ಇದೆಯಾ ಅಂತಲೂ ನೋಡಿ.

ಒಂದು ಸಾಕೆಟ್ ಅಂದರೆ ಒಂದು ನ್ಯೂಮಾ ನೋಡ್ ಅಂತ ಅಂದುಕೊಳ್ಳಬಹುದಾ?

ಮೊದಲು ಅಂದುಕೊಳ್ಳಬಹುದಿತ್ತು, ಈಗ ಬೇಡ. ಎಎಂಡಿಯ 2017ರ ಮೊದಲ ಎಪಿಕ್ ಸರ್ವರ್ ಪ್ರೊಸೆಸರ್‌ನಲ್ಲಿ ನಾಲ್ಕು ತುಂಡು ಸಿಲಿಕಾನ್ ಇದ್ದವು. ಒಂದೊಂದಕ್ಕೂ ಅದರದ್ದೇ ಮೆಮೊರಿ ಕಂಟ್ರೋಲರ್. ಹಾಗಾಗಿ ಒಂದೇ ಸಾಕೆಟ್‌ನಲ್ಲಿ ನಾಲ್ಕು ನೋಡ್, ಎರಡು ಸಾಕೆಟ್ ಯಂತ್ರದಲ್ಲಿ ಎಂಟು. 2019ರ ಎರಡನೇ ತಲೆಮಾರಿನಲ್ಲಿ ಮೆಮೊರಿ ಕಂಟ್ರೋಲರ್‌ಗಳನ್ನೆಲ್ಲ ನಡುವಿನ ಒಂದು ತುಂಡಿಗೆ ಸೇರಿಸಿದರು, ಕೋರ್‌ಗಳನ್ನು ಸುತ್ತ ಇಟ್ಟರು. ಸುತ್ತ ಇರುವ ಈ ಸಣ್ಣ ತುಂಡುಗಳಿಗೇ ಚಿಪ್ಲೆಟ್ ಅನ್ನುವುದು. ಈಗ ಸಾಕೆಟ್ ಒಂದಕ್ಕೆ 1, 2 ಅಥವಾ 4 ನೋಡ್ ಅಂತ ಬಯಾಸ್‌ನಲ್ಲಿ ಆರಿಸಬಹುದು. ಎನ್‌ಪಿಎಸ್ ಅಂತ ಕಾಣುವ ಆಯ್ಕೆ ಅದೇ. ಇಂಟೆಲ್‌ನಲ್ಲಿ ಇದೇ ಥರದ ಆಯ್ಕೆಯ ಹೆಸರು ಸಬ್-ನ್ಯೂಮಾ ಕ್ಲಸ್ಟರಿಂಗ್. ನಿಮ್ಮ ಪ್ರೋಗ್ರಾಂಗೆ ನ್ಯೂಮಾ ಅರಿವು ಇಲ್ಲ ಅಂದರೆ 1 ಅಂತಲೇ ಬಿಡಿ.

ಕ್ಯಾಶ್ ಕೊಹೆರೆನ್ಸಿ ಅಂದರೆ ಏನು? ಅದಕ್ಕೆ ಯಾಕಷ್ಟು ಮಹತ್ವ?

ಪ್ರತಿ ಕೋರ್ ತಾನು ಓದಿದ ಡೇಟಾದ ಪ್ರತಿಯನ್ನು ತನ್ನ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಕೋರ್ ಅದನ್ನು ಬದಲಿಸಿದರೆ, ಉಳಿದ ಕೋರ್‌ಗಳಲ್ಲಿರುವ ಪ್ರತಿ ಹಳತಾಯಿತು ಅಲ್ವಾ? ಹಳೆಯ ಪ್ರತಿಯನ್ನು ಯಾರೂ ಓದದಂತೆ ನೋಡಿಕೊಳ್ಳುವ ಹಾರ್ಡ್‌ವೇರ್ ಏರ್ಪಾಟೇ ಕ್ಯಾಶ್ ಕೊಹೆರೆನ್ಸಿ. ಅದರ ನಿಯಮಗಳಲ್ಲಿ ಹೆಸರಾದದ್ದು ಮೆಸಿ. ಪ್ರತಿ ಕ್ಯಾಶ್ ಸಾಲಿಗೂ ನಾಲ್ಕರಲ್ಲಿ ಒಂದು ಸ್ಥಿತಿ: ಬದಲಾದದ್ದು, ನನ್ನಲ್ಲಿ ಮಾತ್ರ ಇರುವುದು, ಹಲವರಲ್ಲಿ ಇರುವುದು, ಕೆಲಸಕ್ಕೆ ಬಾರದ್ದು.

ಪ್ರೋಗ್ರಾಂ ಬರೆಯುವವರಿಗೆ ಇದು ಕಣ್ಣಿಗೆ ಕಾಣದು, ಆದರೆ ಬೆಲೆ ತೆರುವಂತೆ ಮಾಡುತ್ತದೆ. ಎಕ್ಸ್86 ಪ್ರೊಸೆಸರ್‌ಗಳಲ್ಲಿ ಕ್ಯಾಶ್ ಸಾಲಿನ ಉದ್ದ 64 ಬೈಟ್. ನೀವು ಎಂಟು ಥ್ರೆಡ್‌ಗಳಿಗೆ ಎಂಟು ಎಣಿಕೆಗಳನ್ನು ಒಂದು ಅರೇಯಲ್ಲಿ ಒತ್ತಾಗಿ ಇಟ್ಟಿರಿ ಅನ್ನಿ. ಒಂದೊಂದು 8 ಬೈಟ್. ಎಂಟೂ ಸೇರಿ ಒಂದೇ ಸಾಲಿನಲ್ಲಿ ಕೂರಬಹುದು. ಯಾವ ಥ್ರೆಡ್ಡೂ ಇನ್ನೊಂದರ ಎಣಿಕೆ ಮುಟ್ಟುತ್ತಿಲ್ಲ, ಬೀಗವೂ ಇಲ್ಲ, ಕೋಡ್ ನೋಡಿದರೆ ಚೊಕ್ಕವಾಗಿದೆ. ಆದರೆ ಹಾರ್ಡ್‌ವೇರ್ ನೋಡುವುದು ಸಾಲನ್ನು, ಎಣಿಕೆಯನ್ನಲ್ಲ. ಒಂದು ಕೋರ್ ಬರೆದಾಗ ಉಳಿದ ಏಳರಲ್ಲೂ ಆ ಸಾಲು ಕೆಲಸಕ್ಕೆ ಬಾರದ್ದಾಗುತ್ತದೆ. ಸಾಲು ಕೋರ್‌ನಿಂದ ಕೋರ್‌ಗೆ ಓಡಾಡುತ್ತಲೇ ಇರುತ್ತದೆ. ಎಂಟು ಥ್ರೆಡ್‌ನ ಪ್ರೋಗ್ರಾಂ ಒಂದು ಥ್ರೆಡ್ಡಿನದಕ್ಕಿಂತ ನಿಧಾನ ಆಗುವುದೂ ಉಂಟು. ಇದಕ್ಕೆ ‘ಫಾಲ್ಸ್ ಶೇರಿಂಗ್’ ಅಂತ ಹೆಸರು. ಪ್ರತಿ ಎಣಿಕೆಗೂ ಬೇರೆ ಸಾಲು ಸಿಗುವಂತೆ ನಡುವೆ ಜಾಗ ಬಿಟ್ಟರೆ ಸರಿಹೋಗುತ್ತದೆ. ಪವರ್ ಯಂತ್ರಗಳಲ್ಲಿ ಸಾಲಿನ ಉದ್ದ 128 ಬೈಟ್, ಅಲ್ಲಿ ಅಷ್ಟು ಬಿಡಬೇಕು.

ಕ್ಯೂಪಿಐ, ಯುಪಿಐ, ಇನ್ಫಿನಿಟಿ ಫ್ಯಾಬ್ರಿಕ್ ಇವೆಲ್ಲ ಯಾವುದರ ಹೆಸರು?

ಸಾಕೆಟ್‌ಗಳ ನಡುವಿನ ಆ ಸೇತುವೆಯ ಹೆಸರುಗಳು. ಎಎಂಡಿ ಮೊದಲು ಹೈಪರ್ ಟ್ರಾನ್ಸ್‌ಪೋರ್ಟ್ ಬಳಸುತ್ತಿತ್ತು, ಈಗ ಇನ್ಫಿನಿಟಿ ಫ್ಯಾಬ್ರಿಕ್. ಇಂಟೆಲ್ 2008ರಲ್ಲಿ ಕ್ಯೂಪಿಐ ತಂದಿತು, 2017ರಿಂದ ಸರ್ವರ್ ಚಿಪ್‌ಗಳಲ್ಲಿ ಯುಪಿಐ.

ಎರಡು ಸಾಕೆಟ್ ಬೋರ್ಡ್‌ನಲ್ಲಿ ಸದ್ಯಕ್ಕೆ ಒಂದೇ ಪ್ರೊಸೆಸರ್ ಹಾಕಬಹುದಾ?

ಸಾಮಾನ್ಯವಾಗಿ ಹಾಕಬಹುದು. ಆದರೆ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೆ ಅನ್ನುವುದನ್ನು ನೆನಪಿಡಿ. ಖಾಲಿ ಸಾಕೆಟ್‌ಗೆ ಸೇರಿದ ಮೆಮೊರಿ ಸ್ಲಾಟ್‌ಗಳು ಕೆಲಸ ಮಾಡುವುದಿಲ್ಲ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗಳಲ್ಲೂ ಕೆಲವು ಎರಡನೇ ಪ್ರೊಸೆಸರ್‌ಗೆ ಸೇರಿರುತ್ತವೆ. ನೆಟ್‌ವರ್ಕ್ ಕಾರ್ಡ್ ಹಾಕಿದರೂ ಕಾಣುತ್ತಿಲ್ಲ ಅಂದರೆ ಕಾರ್ಡ್ ಹಾಳಾಗಿದೆ ಅಂತ ವಾಪಸ್ ಕಳಿಸುವ ಮುಂಚೆ ಬೋರ್ಡ್‌ನ ಚಿತ್ರ ತೆಗೆದು ನೋಡಿ. ಎರಡೂ ಪ್ರೊಸೆಸರ್ ಇದ್ದಾಗ ಮೆಮೊರಿಯನ್ನು ಎರಡು ಕಡೆಗೂ ಸಮವಾಗಿ ಹಾಕಿ. ಎಲ್ಲ ಚಾನೆಲ್‌ಗಳೂ ತುಂಬಿರಲಿ. ನಾಲ್ಕು ಚಾನೆಲ್ ಇರುವ ಪ್ರೊಸೆಸರ್‌ಗೆ ಒಂದೇ ದೊಡ್ಡ ಮೆಮೊರಿ ಕಡ್ಡಿ ಹಾಕಿದರೆ ಒಟ್ಟು ಜಿಬಿ ಅಷ್ಟೇ ಇರಬಹುದು, ವೇಗ ಮಾತ್ರ ಕಾಲು ಭಾಗಕ್ಕೆ ಇಳಿಯುತ್ತದೆ.

ಮಾಡೆಲ್ ಹೆಸರು ನೋಡಿ ಎಷ್ಟು ಸಾಕೆಟ್‌ಗೆ ಅಂತ ಹೇಳಬಹುದಾ?

ಹಳೆಯ ಜಿಯಾನ್ ಇ5, ಇ7ಗಳಲ್ಲಿ ಸುಲಭ. ಅಡ್ಡಗೆರೆಯ ನಂತರದ ಮೊದಲ ಅಂಕಿಯೇ ಗರಿಷ್ಠ ಸಾಕೆಟ್: ಇ5-2690 ಅಂದರೆ ಎರಡರವರೆಗೆ, ಇ5-4600 ಸಾಲು ನಾಲ್ಕರವರೆಗೆ, ಇ7-8800 ಸಾಲು ಎಂಟರವರೆಗೆ. ಎಪಿಕ್‌ನಲ್ಲಿ ಗರಿಷ್ಠ ಎರಡೇ. ಕೊನೆಗೆ ‘ಪಿ’ ಇದ್ದರೆ, 9654ಪಿ ಥರ, ಅದು ಒಂದು ಸಾಕೆಟ್‌ಗೆ ಮಾತ್ರ. ‘ಪಿ’ ಇರುವುದನ್ನು ಎರಡು ತಂದು ಎರಡು ಸಾಕೆಟ್ ಬೋರ್ಡ್‌ನಲ್ಲಿ ಜೋಡಿ ಮಾಡಲು ಆಗುವುದಿಲ್ಲ.

ಕೋರ್ ಜಾಸ್ತಿಯಾದಷ್ಟೂ ಕೆಲಸ ಬೇಗ ಮುಗಿಯಬೇಕಲ್ವಾ?

ಬೇರೆ ಬೇರೆ ಕೆಲಸಗಳು ಬಹಳ ಇದ್ದರೆ, ಹೌದು, ಒಟ್ಟು ಜಾಸ್ತಿ ಕೆಲಸ ಆಗುತ್ತದೆ. ಒಂದೇ ಕೆಲಸ ಬೇಗ ಮುಗಿಯಬೇಕು ಅಂದರೆ ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಾದ ಅಡ್ಡ ಬರುತ್ತದೆ. ಲೆಕ್ಕ ಹಾಕಿ ನೋಡಿ. 100 ನಿಮಿಷದ ಕೆಲಸ. ಅದರಲ್ಲಿ 10 ನಿಮಿಷದ್ದನ್ನು ಹಂಚಲು ಆಗುವುದೇ ಇಲ್ಲ. 16 ಕೋರ್ ಇದ್ದರೆ ಉಳಿದ 90 ನಿಮಿಷ 5.6ಕ್ಕೆ ಇಳಿದು ಒಟ್ಟು 15.6 ನಿಮಿಷ. 64 ಕೋರ್ ಹಾಕಿದರೆ 11.4 ನಿಮಿಷ. ಕೋರ್ ನಾಲ್ಕು ಪಟ್ಟು, ಉಳಿತಾಯ ನಾಲ್ಕು ನಿಮಿಷ ಚಿಲ್ಲರೆ. ಎಷ್ಟೇ ಕೋರ್ ಸುರಿದರೂ 10 ನಿಮಿಷದ ಕೆಳಗೆ ಹೋಗುವುದಿಲ್ಲ. ಜೊತೆಗೆ, ಕೋರ್ ಜಾಸ್ತಿ ಇರುವ ಮಾಡೆಲ್‌ಗಳಲ್ಲಿ ಒಂದೊಂದು ಕೋರ್‌ನ ಗಡಿಯಾರದ ವೇಗ ಸಾಮಾನ್ಯವಾಗಿ ಕಡಿಮೆ. ಆ 10 ನಿಮಿಷ ಇನ್ನೂ ಉದ್ದವಾಗಬಹುದು!

ಕ್ಲೌಡ್‌ನಲ್ಲಿ ಸಿಗುವ ‘ವಿಸಿಪಿಯು’ ಒಂದು ಕೋರ್ ತಾನೇ?

ಬಹಳ ಸಲ ಅಲ್ಲ. ವಿಸಿಪಿಯು ಅಂದರೆ ವರ್ಚುವಲ್ ಯಂತ್ರದ ಲೆಕ್ಕಕ್ಕೆ ಕೊಡುವ ಸಿಪಿಯು. ಅಮೆಜಾನ್ ಕ್ಲೌಡ್‌ನ ಇಂಟೆಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ವಿಸಿಪಿಯು ಅಂದರೆ ಒಂದು ಥ್ರೆಡ್, ಅಂದರೆ ಅರ್ಧ ಕೋರ್. ಅದೇ ಕಂಪನಿಯ ಸ್ವಂತ ಗ್ರಾವಿಟಾನ್ ಪ್ರೊಸೆಸರ್ ಇರುವ ಯಂತ್ರಗಳಲ್ಲಿ ಒಂದು ವಿಸಿಪಿಯು ಅಂದರೆ ಪೂರ್ತಿ ಕೋರ್. 8 ವಿಸಿಪಿಯು ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ಬೆಲೆ ಹೋಲಿಸುವವರು ಇದನ್ನು ಮೊದಲು ನೋಡಬೇಕು.

ನಿಮ್ಮದೇ ವರ್ಚುವಲೈಸೇಶನ್ ಆದರೆ ಇರುವ ಥ್ರೆಡ್‌ಗಳಿಗಿಂತ ಜಾಸ್ತಿ ವಿಸಿಪಿಯು ಹಂಚಿರಲೂಬಹುದು. ಆಗ ಯಂತ್ರದ ಒಳಗಿಂದ ‘ಟಾಪ್’ ಆದೇಶ ಕೊಟ್ಟು ‘ಎಸ್‌ಟಿ’ ಅಂಕಿ ನೋಡಿ. ಅದು ಏರುತ್ತಿದ್ದರೆ ನಿಮ್ಮ ಪಾಲಿನ ಸಮಯ ಬೇರೆಯವರಿಗೆ ಹೋಗುತ್ತಿದೆ. ಒಂದೇ ಕರ್ನಲ್ ಹಂಚಿಕೊಂಡು ಪ್ರೋಗ್ರಾಂಗಳನ್ನು ಬೇರೆ ಬೇರೆಯಾಗಿ ಓಡಿಸುವ ಕಂಟೇನರ್‌ಗಳಲ್ಲಿ ಇನ್ನೊಂದು ತೊಡಕು: 2018ರ ಜಾವಾ 10ಕ್ಕಿಂತ ಹಳೆಯ ಜಾವಾಗಳು ಕಂಟೇನರ್‌ಗೆ ಹಾಕಿದ ಸಿಪಿಯು ಮಿತಿಯನ್ನು ಸರಿಯಾಗಿ ಗಮನಿಸುತ್ತಿರಲಿಲ್ಲ. ಕೊಟ್ಟದ್ದು 2 ಸಿಪಿಯುನಷ್ಟು ಸಮಯ, ಅದು ಹುಟ್ಟಿಸುತ್ತಿದ್ದದ್ದು 56 ಸಿಪಿಯುಗೆ ಬೇಕಾದಷ್ಟು ಥ್ರೆಡ್.

ಸಿಪಿಯು ಬಳಕೆ 800 ಶೇಕಡಾ ಅಂತ ತೋರಿಸುತ್ತಿದೆ. ಏನೋ ಕೆಟ್ಟಿದೆಯಾ?

ಇಲ್ಲ. ‘ಟಾಪ್’ ಒಂದು ಲಾಜಿಕಲ್ ಸಿಪಿಯುವನ್ನು 100 ಅಂತ ಎಣಿಸುತ್ತದೆ. 800 ಅಂದರೆ ಎಂಟು ಸಿಪಿಯುನಷ್ಟು ಕೆಲಸ. ಲೋಡ್ ಆವರೇಜ್ (ಓಡುತ್ತಿರುವ, ಸರದಿಯಲ್ಲಿ ಕಾಯುತ್ತಿರುವ ಕೆಲಸಗಳ ಸರಾಸರಿ ಸಂಖ್ಯೆ) ಬೇರೆ ಲೆಕ್ಕ. ಲಿನಕ್ಸ್ ಅದರಲ್ಲಿ ಡಿಸ್ಕ್‌ಗೆ ಕಾಯುತ್ತಾ ಎಬ್ಬಿಸಲಾಗದ ನಿದ್ದೆಯಲ್ಲಿರುವ ಕೆಲಸಗಳನ್ನೂ ಸೇರಿಸುತ್ತದೆ. ಲೋಡ್ 60 ಇದ್ದು ಸಿಪಿಯು ಖಾಲಿ ಇದ್ದರೆ ಡಿಸ್ಕ್ ಕಡೆ ನೋಡಿ.

ಕ್ಲಸ್ಟರ್ ಕೂಡ ಬಹುಪ್ರೊಸೆಸರ್ ಸರ್ವರ್ ಅಲ್ವಾ?

ಅಲ್ಲ. ಕ್ಲಸ್ಟರ್‌ನಲ್ಲಿ ಪ್ರತಿ ಯಂತ್ರಕ್ಕೂ ಅದರದ್ದೇ ಮೆಮೊರಿ, ಅದರದ್ದೇ ಆಪರೇಟಿಂಗ್ ಸಿಸ್ಟಂ. ಮಾತುಕತೆ ಎಲ್ಲ ನೆಟ್‌ವರ್ಕ್ ಮೂಲಕ.

ಲೈಸೆನ್ಸ್ ಲೆಕ್ಕದಲ್ಲಿ ಯಾವುದನ್ನು ಎಣಿಸುತ್ತಾರೆ?

ಅದು ಮಾರುವವರನ್ನು ಅವಲಂಬಿಸಿದೆ, ಕರಾರು ಓದಲೇಬೇಕು. ವಿಂಡೋಸ್ ಸರ್ವರ್ 2012 ಆರ್2ರವರೆಗೆ ಪ್ರೊಸೆಸರ್ ಲೆಕ್ಕ ಇತ್ತು. 2016ರ ಆವೃತ್ತಿಯಿಂದ ಕೋರ್ ಲೆಕ್ಕ. ಕನಿಷ್ಠ ಪ್ರೊಸೆಸರ್‌ಗೆ 8, ಸರ್ವರ್‌ಗೆ 16 ಕೋರ್‌ಗಳ ಲೈಸೆನ್ಸ್ ಬೇಕು. ಎಣಿಸುವುದು ನಿಜವಾದ ಕೋರ್‌ಗಳನ್ನು, ಥ್ರೆಡ್‌ಗಳನ್ನಲ್ಲ. ಒರಾಕಲ್ ಡೇಟಾಬೇಸ್‌ನ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ಕೋರ್ ಸಂಖ್ಯೆಯನ್ನು ಪ್ರೊಸೆಸರ್ ಜಾತಿಗೆ ತಕ್ಕ ಒಂದು ಗುಣಕದಿಂದ ಗುಣಿಸುತ್ತಾರೆ.

ದುಬಾರಿ ಸಾಫ್ಟ್‌ವೇರ್ ಆದರೆ ಲೈಸೆನ್ಸ್ ಬೆಲೆ ಯಂತ್ರದ ಬೆಲೆಯನ್ನು ಸುಲಭವಾಗಿ ಮೀರಿಸುತ್ತದೆ. ಕಡಿಮೆ ಕೋರ್, ಜಾಸ್ತಿ ವೇಗ, ದೊಡ್ಡ ಕ್ಯಾಶ್ ಇರುವ ಪ್ರೊಸೆಸರ್‌ಗಳಿಗೆ ಬೇಡಿಕೆ ಇರುವುದು ಇದಕ್ಕೇ. 2021ರ ಎಪಿಕ್ 72ಎಫ್3ರಲ್ಲಿ ಕೋರ್ ಬರೀ 8, ಮೂರನೇ ಹಂತದ ಕ್ಯಾಶ್ 256 ಎಂಬಿ. ಕೋರ್ ಲೆಕ್ಕದಲ್ಲಿ ದುಡ್ಡು ಕೇಳುವ ಡೇಟಾಬೇಸ್ ಓಡಿಸುವವರು 64 ಕೋರ್‌ನದಕ್ಕೆ ಕೈ ಹಾಕುವ ಮುಂಚೆ ಇಂಥದ್ದೊಂದರ ಮೇಲೆ ತಮ್ಮ ಕೆಲಸ ಓಡಿಸಿ ಅಳೆದು ನೋಡುವುದು ಒಳ್ಳೆಯದು.